ಹಣಿಗೆ ಮುಟ್ಟದ ಗಂಟು

ಮಗಳ ಮಗಳು ರಜೆಗೆ ಬಂದಿದ್ದಾಳೆ. ಅವಳ ಕೂದಲು ಸೊಂಟ ಮುಟ್ಟುತ್ತದೆ, ಅವಳ ಬಾಟಲಿಗಳು ನಮ್ಮ ಬಚ್ಚಲಿನ ಕಟ್ಟೆಯನ್ನೆಲ್ಲ ಮುಟ್ಟಿವೆ. ತೊಳೆಯಲು ಒಂದು, ತೊಳೆದದ್ದನ್ನು ಮೆತ್ತಗೆ ಮಾಡಲು ಒಂದು, ಮೆತ್ತಗಾದದ್ದು ಹಾಗೆಯೇ ಇರಲೆಂದು ಮತ್ತೊಂದು. ಮೊನ್ನೆ ಸಂಜೆ ಒಂದರ ಮುಚ್ಚಳ ತೆಗೆದು ಮೂಸಿ ನೋಡಿದೆ. ಯಾವುದೋ ಹಣ್ಣಿನ ವಾಸನೆ. ಅಷ್ಟರಲ್ಲಿ ಅವಳೇ ಬಂದು ನನಗೆ ಬೆನ್ನು ಮಾಡಿ ಕೂತು, "ಅಜ್ಜಿ, ಉದ್ದ ಕೂದಲಾ ದಿನಕ್ಕ ಎಷ್ಟ ಸಲ ಬಾಚಬೇಕು? ಕಂಡೀಷನರ್ ವಾರಕ್ಕ ಎಷ್ಟ ಸಲ ಹಚ್ಚಬೇಕು?" ಎಂದು ಕೇಳಿದಳು. ಬಾಟಲಿ ಕೆಳಗಿಟ್ಟು ಹಣಿಗೆ ಕೈಗೆತ್ತಿಕೊಂಡೆ. ಈಗ ಇಲಿಯ ಬಾಲದಷ್ಟು ಜಡೆ ಉಳಿದಿದ್ದರೂ ಈ ವಿಷಯದಲ್ಲಿ ನನ್ನ ಅನುಭವವೇನೂ ಸಣ್ಣದಲ್ಲ.

ಚಿಕ್ಕವಳಿದ್ದಾಗ ಇದೇ ಪ್ರಶ್ನೆಯನ್ನು ನಾನೂ ಕಂಡಕಂಡವರಿಗೆ ಕೇಳಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಬೆಳಗಾವಿಯ ನಮ್ಮ ಓಣಿಯಲ್ಲಿ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಶಾಲೆಗೆ ಹೋಗುವ ಮುಂಚೆ ಒಮ್ಮೆ, ದೀಪ ಹಚ್ಚುವ ಮುಂಚೆ ಒಮ್ಮೆ ಎನ್ನುವುದು ಅವ್ವನ ಲೆಕ್ಕ. ನಾವು ಆಯಿ ಎಂದು ಕರೆಯುತ್ತಿದ್ದ ಅಪ್ಪನ ತಾಯಿಗೆ ದೀಪ ಹಚ್ಚಿದ ಮೇಲೆ ಹಣಿಗೆ ಕಣ್ಣಿಗೆ ಬಿದ್ದರೂ ಆಗುತ್ತಿರಲಿಲ್ಲ. ಪಕ್ಕದ ಮನೆಯ ಖಾಲಾ, "ಹಸಿ ಕೂದಲಕ್ಕ ಹಣಗಿ ಹಾಕಬ್ಯಾಡ ಬೇಟಿ, ಲೋಬಾನದ ಹೊಗಿ ಕೊಡು" ಎನ್ನುತ್ತಿದ್ದರು. ನನಗೆ ಬೇಕಾದದ್ದು ಕಾರಣ. ಹಾಕಿದರೆ ಏನಾಗುತ್ತದೆ? ಏನಾಗುತ್ತದೆಂದು ನೋಡಲು ಒಮ್ಮೆ ಹಸಿ ತಲೆಯನ್ನು ಗಸಗಸ ಬಾಚಿಕೊಂಡು, ಹಣಿಗೆಯ ಹಲ್ಲು ಮುರಿದು, ಬೆನ್ನಿಗೆ ಗುದ್ದು ತಿಂದಿದ್ದೆ. ಉದ್ಯಮಬಾಗದ ಫೌಂಡ್ರಿಗೆ ಸೈಕಲ್ ತುಳಿಯುತ್ತಿದ್ದ ಅಪ್ಪ, "ನನಗ ಹತ್ತ ಕೂದಲಾ ಉಳದಾವು, ನನ್ನ ಕೇಳಬ್ಯಾಡ" ಎಂದು ಜಾರಿಕೊಂಡಿದ್ದರು.

ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಜ್ವರ ಬಂದವರ ತಲೆಗೆ ನೀರೂ ಮುಟ್ಟಿಸಬಾರದು, ಹಣಿಗೆಯನ್ನೂ ಮುಟ್ಟಿಸಬಾರದು. ನನಗೆ ಟೈಫಾಯ್ಡ್ ಬಂತು. ವಾರಗಟ್ಟಲೆ ಕೆಂಪು ಉಣ್ಣೆಯ ರಗ್ಗು ಹೊದ್ದು, ತಲೆಯನ್ನು ಆಚೆ ಈಚೆ ಹೊರಳಿಸುತ್ತ ಮಲಗಿದ್ದೆ. ಜ್ವರ ಇಳಿದು ಎದ್ದು ಕೂತಾಗ ಹಿಂದಲೆಯಲ್ಲಿ ಮುಷ್ಟಿ ಗಾತ್ರದ ಗಂಟು. ಅವ್ವ ಹಣಿಗೆ ತಂದಳು. ಅದು ಒಳಗೇ ಹೋಗಲಿಲ್ಲ.

ಆಯಿ ಹತ್ತಿರ ಬಂದು, ಮುಟ್ಟಿ ನೋಡಿ, ಕೈ ಹಿಂದೆಳೆದುಕೊಂಡರು. "ಇದು ಗಂಟಲ್ಲ. ಜಡಿ ಬಂದಾವು. ತಾಯಿ ಯಲ್ಲಮ್ಮ ಕೈಯಿಟ್ಟಾಳ. ಹಣಗಿ ಮುಟ್ಟಿಸಬ್ಯಾಡ" ಎಂದರು. ದಿನಾ ಬೆಳಿಗ್ಗೆ ವಿಭೂತಿ ಧರಿಸಿ ಇಷ್ಟಲಿಂಗ ಪೂಜೆ ಮಾಡುತ್ತಿದ್ದ ನಮ್ಮ ಆಯಿಗೆ ಯಲ್ಲಮ್ಮ ಎಂದರೆ ಅದೊಂದು ಬೇರೆಯೇ ಭಯ. ಅವ್ವ ಹಣಿಗೆಯನ್ನು ಗೋಡೆಯ ಮಾಡದಲ್ಲಿ ಇಟ್ಟುಬಿಟ್ಟಳು.

ಆಮೇಲಿನ ದಿನಗಳು ನನಗೆ ಹಬ್ಬ. ಓಣಿಯ ಹೆಂಗಸರು ಬಂದು ಗಂಟಿಗೆ ಅರಿಶಿನದ ಭಂಡಾರ ಹಚ್ಚಿ ಕೈ ಮುಗಿಯುವರು. ಜ್ವರಕ್ಕೆ ಮುಂಚೆ ನನ್ನ ಕಿವಿ ಹಿಂಡಿದ್ದ ಎದುರುಮನೆಯವರು ಈಗ ಪೇಢೆ ತಂದುಕೊಟ್ಟರು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರದ ನಾನು ಗೋಡೆಗೆ ಒರಗಿ, ಕುತ್ತಿಗೆ ಸೆಟೆಸಿ, ಬಂದವರನ್ನೆಲ್ಲ ನಿಧಾನಕ್ಕೆ ನೋಡುತ್ತಿದ್ದೆ. ದೇವಿಯಾದವಳು ಹೇಗೆ ನೋಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಚೆನ್ನಾಗಿಯೇ ನೋಡಿದೆ ಅನ್ನಿಸುತ್ತದೆ. ಗಂಟಿನೊಳಗೆ ಏನಿದೆ ಎಂಬ ಕುತೂಹಲ ಮಾತ್ರ ಬಿಡಲಿಲ್ಲ. ಯಾರೂ ಇಲ್ಲದಾಗ ಬೆರಳು ತೂರಿಸಿ ನೋಡುತ್ತಿದ್ದೆ.

ಪೇಢೆ ತಿನ್ನುತ್ತಿದ್ದ ನನಗೆ ಗೊತ್ತಿಲ್ಲದ್ದು ಅವ್ವನಿಗೆ ಗೊತ್ತಿತ್ತು. ನಮ್ಮ ಕಡೆ ಹೀಗೆ ಕೂದಲು ಜಡೆಗಟ್ಟಿದ ಹುಡುಗಿಯನ್ನು ಆಗೆಲ್ಲ ದೇವಿಗೆ ಬಿಡುತ್ತಿದ್ದರು. ಬಿಟ್ಟ ಮೇಲೆ ಶಾಲೆಯಿಲ್ಲ, ಮದುವೆಯಿಲ್ಲ, ದೇವಿಯ ಬುಟ್ಟಿ ಹೊತ್ತು ಮನೆ ಮನೆಗೆ ಹೋಗಿ ಜೋಗ ಬೇಡುವುದು, ಮತ್ತು ಮಕ್ಕಳ ಮುಂದೆ ಯಾರೂ ಹೇಳದಿದ್ದ ಇನ್ನೂ ಕೆಲವು ಸಂಗತಿಗಳು. ನಮ್ಮಂಥವರ ಮನೆಯಲ್ಲಿ ಅಷ್ಟು ದೂರ ಹೋಗುತ್ತಿತ್ತೋ ಇಲ್ಲವೋ, ಹೇಳಲಾರೆ. ಆದರೆ ಮುಂದಿನ ಹುಣ್ಣಿಮೆಗೆ ಸವದತ್ತಿಯ ಗುಡಿಗೆ ಕರೆದೊಯ್ದು ದೇವಿಯನ್ನೇ ಕೇಳಬೇಕೆಂದು ಆಯಿ ಮಾತು ಎತ್ತಿಯಾಗಿತ್ತು. ಅವ್ವ ಎದುರಾಡಲಿಲ್ಲ. ಅವ್ವ ಯಾವತ್ತೂ ಯಾರಿಗೂ ಎದುರಾಡಿದವಳಲ್ಲ. "ಕೂಸು ಭಾಳ ಸೊರಗೇತ್ರಿ ಅತ್ತಿ, ಹವಾ ಬದಲಿಗೆ ಅಕ್ಕನ ಕಡೆ ಕರಕೊಂಡ ಹೋಗಿ ಬರ್ತೀನ್ರಿ" ಎಂದಷ್ಟೇ ಹೇಳಿ ನನ್ನನ್ನು ಖಾನಾಪುರದ ರೈಲು ಹತ್ತಿಸಿದಳು. ದಾರಿಯುದ್ದಕ್ಕೂ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡಿದೆ.

ಖಾನಾಪುರದ ದೊಡ್ಡವ್ವ ನಮ್ಮ ಅವ್ವನ ಅಕ್ಕ. ಅವಳ ಕೂದಲು ಮಂಡಿಯವರೆಗೆ, ದನಿ ಮಲಪ್ರಭೆಯ ಆಚೆ ದಂಡೆಯವರೆಗೆ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ. ನನ್ನನ್ನು ಹಿತ್ತಲಿನ ಕಟ್ಟೆಯ ಮೇಲೆ ಕೂರಿಸಿ ಗಂಟನ್ನು ಮೂಸಿದಳು.

"ಎಣ್ಣಿ ಕಾಣದ ಎಷ್ಟ ದಿನಾ ಆತು ಇದು?"

"ಅಕ್ಕಾ, ಬಿಡಿಸಿದ ಮ್ಯಾಲ ಜ್ವರ ತಿರಗಿ ಬಂದ್ರ?" ಅವ್ವ ಕೇಳಿದಳು.

"ನೋಡು, ಇದು ಖರೇನ ಯಲ್ಲಮ್ಮಂದ ಇದ್ರ, ನಾ ಕೊಡಾ ಎಣ್ಣಿ ಸುರವಿದ್ರೂ ಬಿಡಂಗಿಲ್ಲ. ಬಿಟ್ಟಿತಂದ್ರ ಆಕೀಗಿ ಬ್ಯಾಡಾಗಿತ್ತಂತ ತಿಳಿ. ನಾವು ಕೇಳಿ ನೋಡಾಕತ್ತೀವಿ, ಅಷ್ಟ."

ಎಣ್ಣೆ ಬೆಚ್ಚಗೆ ಮಾಡಲು ಇಬ್ಬರೂ ಒಳಗೆ ಹೋದರು. ಹೊರಗೆ ಬಂದದ್ದು ದೊಡ್ಡವ್ವ ಒಬ್ಬಳೇ.

ಔಡಲೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ, ಗಂಟು ಕುಡಿಯುವಷ್ಟು ಕುಡಿಸಿ, ಬಟ್ಟೆ ಸುತ್ತಿ ಬಿಸಿಲಿಗೆ ಕೂರಿಸಿದಳು. ಆಮೇಲೆ ಶುರು. ಮೊದಲು ಬೆರಳು, ಆಮೇಲೆ ಗೋಣಿಚೀಲ ಹೊಲಿಯುವ ದಬ್ಬಣದ ಮೊನೆ, ಕೊನೆಗೆ ಕಟ್ಟಿಗೆಯ ಹಣಿಗೆ. "ಬುಡದಿಂದ ಹಿಕ್ಕಿದ್ರ ಗಂಟ ಬಿಗೀತದ. ತುದೀಯಿಂದ ಬರಬೇಕು" ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಒಂದೊಂದೇ ಎಳೆ ಬಿಡಿಸಿದಳು. ನೋವಿಗೆ ಕಣ್ಣಲ್ಲಿ ನೀರು ಬಂದರೂ ಕೇಳದೆ ಇರಲಾಗಲಿಲ್ಲ.

"ದೊಡ್ಡವ್ವಾ, ಒಳಗ ದೇವಿ ಇದ್ದಾಳೇನ?"

"ಇದ್ರ ಕೇಳೂಣು ತಂಗಿ, ಇಷ್ಟ ಇಕ್ಕಟ್ಟಿನ್ಯಾಗ ಯಾಕ ಕುಂತೀಯವ್ವಾ ಅಂತ."

ಒಳಗಿದ್ದದ್ದು ರಗ್ಗಿನ ಕೆಂಪು ಉಣ್ಣೆ ಮತ್ತು ಗಟ್ಟಿಯಾದ ಭಂಡಾರ. ದೊಡ್ಡವ್ವ ಅದನ್ನು ಅಂಗೈಯಲ್ಲಿಟ್ಟು ತೋರಿಸಿದಳು. ಅಷ್ಟೇ ಎಂದು ನನಗೆ ಬಹಳ ನಿರಾಸೆಯಾಯಿತು. ಕೊನೆಯ ಎಳೆ ಬಿಟ್ಟಾಗ ಬಿಸಿಲು ಮಾಡಿಗೆ ಏರಿತ್ತು. "ಬಂದ ನೋಡಬೇ, ಬಿಟ್ಟೇತಿ" ಎಂದು ದೊಡ್ಡವ್ವ ಕೂಗಿದಳು. ಅವ್ವ ಓಡಿ ಬಂದು, ನನ್ನ ಎಣ್ಣೆತಲೆಗೆ ಮುಖ ಒತ್ತಿ ನಿಂತಳು.

ಜ್ವರ ಮರಳಲಿಲ್ಲ. "ತಾಯಿ ಒಲದ ಬಿಟ್ಟಾಳ" ಎಂದು ಆಯಿ ಹೋಳಿಗೆ ಮಾಡಿಸಿದರು. ನಾನು ಮತ್ತೆ ಬರೀ ಮನುಷ್ಯಳಾದೆ, ಪೇಢೆ ನಿಂತುಹೋಯಿತು. ಈ ಕತೆಯನ್ನು ಆಮೇಲೆ ನೂರು ಜನರಿಗೆ ಹೇಳಿರಬೇಕು. ಹೇಳಿದಾಗಲೆಲ್ಲ ದೊಡ್ಡವ್ವ ಗಟ್ಟಿಗಿತ್ತಿ, ಅವ್ವ ಅಡುಗೆಮನೆಯಲ್ಲಿ ಅಳುತ್ತ ಕೂತ ಅಂಜುಬುರುಕಿ.

ಮೊನ್ನೆ ಮೊಮ್ಮಗಳ ಪ್ರಶ್ನೆಗೆ ಉತ್ತರ ತೋಚದೆ ಖಾನಾಪುರಕ್ಕೇ ಫೋನು ಹಚ್ಚಿದೆ. ದೊಡ್ಡವ್ವನಿಗೆ ವಯಸ್ಸಾಗಿದೆ, ದನಿಗೆ ಆಗಿಲ್ಲ. ಸೊಸೆಯಂದಿರ ಗದ್ದಲದ ನಡುವೆಯೂ ಕೇಳಿಸಿಕೊಂಡು ನಕ್ಕಳು. "ಗಂಟ ಆಗೂದ್ರಾಗ ಹಿಕ್ಕೋಬೇಕವಾ. ಅದಕ್ಕೇನ ದಿನಾ ವಾರಾ?"

ಗಂಟಿನ ಮಾತು ಬಂದದ್ದೇ ತಡ, ಇಷ್ಟು ವರ್ಷ ಕೇಳದೇ ಉಳಿದದ್ದನ್ನು ಕೇಳಿದೆ. "ದೊಡ್ಡವ್ವಾ, ಅವತ್ತ ಅದು ಬಿಡದ ಇದ್ದಿದ್ರ ಏನ ಮಾಡ್ತಿದ್ದಿ?"

"ಕತ್ತರಸ್ತಿದ್ದೆ."

"ಮತ್ತ ದೇವೀನ ಕೇಳಿ ನೋಡಾಕತ್ತೀವಿ ಅಂದಿದ್ದಿ?"

"ಅಂದಿದ್ದೆ. ಕತ್ರಿನೂ ಸೆರಗಿನ್ಯಾಗ ಇತ್ತು. ಆದ್ರ ಅದು ನಂದಲ್ಲವಾ. ನಿಮ್ಮವ್ವ ಬೆಳಗಾಂವಿಂದ ತಂದಿದ್ಲು. ಎಣ್ಣಿ ಕಾಸೂ ಮುಂದ ನನ್ನ ಕೈಯಾಗ ಇಟ್ಟು, 'ಅಕ್ಕಾ, ಬಿಡ್ಲಿಲ್ಲಂದ್ರ ನನ್ನ ಕೇಳಬ್ಯಾಡ, ಕತ್ತರಿಸಿಬಿಡು. ದೇವಿ ಸಿಟ್ಟು ನನ್ನ ಮ್ಯಾಲ ಬರ್ಲಿ. ಮಗಳನ್ನ ಕೊಡಂಗಿಲ್ಲ' ಅಂದ್ಲು. ಅಂದಾಕಿ ಅಲ್ಲೇ ಒಲಿ ಮುಂದ ಕುಂತು ದೇವೀಗಿ ಕೈ ಮುಗದ್ಲು."

ಫೋನು ಇಟ್ಟೆ. ಇಷ್ಟು ವರ್ಷ ನಾನು ಅಂಜುಬುರುಕಿ ಎಂದು ಹೇಳಿಕೊಂಡು ತಿರುಗಿದವಳಿಗೆ ಅಂಜಿಕೆ ಇತ್ತು, ನಿಜ. ಅಷ್ಟು ಅಂಜಿಕೆ ಇಟ್ಟುಕೊಂಡೇ ಅವಳು ಕತ್ತರಿ ತಂದಿದ್ದಳು. ಮೊಮ್ಮಗಳು ತಿರುಗಿ, "ಏನಂದ್ರಜ್ಜಿ? ದಿನಕ್ಕ ಎಷ್ಟ ಸಲ ಅಂತ?" ಎಂದಳು. ಅವಳ ತಲೆಯನ್ನು ಮುಂದಕ್ಕೆ ತಿರುಗಿಸಿ, ತುದಿಯಿಂದ ಬಾಚತೊಡಗಿದೆ. ಕಣ್ಣು ಮಂಜಾಗಿ ಬೈತಲೆ ಸೊಟ್ಟಗೆ ಬಂತು.

ಅವ್ವ ಈಗಿಲ್ಲ. ಇದ್ದಿದ್ದರೆ ಒಂದು ಮಾತು ಕೇಳುತ್ತಿದ್ದೆ. ರೈಲಿನಲ್ಲಿ ನನ್ನ ತಲೆ ನಿನ್ನ ತೊಡೆಯ ಮೇಲೇ ಇತ್ತಲ್ಲ, ಆ ಕತ್ತರಿಯನ್ನು ನನಗೆ ಚುಚ್ಚದ ಹಾಗೆ ಎಲ್ಲಿ ಇಟ್ಟುಕೊಂಡಿದ್ದೆ?