ಯಮುನಕ್ಕ ತಿದ್ದಿದ ತಾರೀಖು

ಯಮುನಕ್ಕ ಕಂಪ್ಯೂಟರಿನೊಂದಿಗೆ ಮಾತಾಡುತ್ತಿದ್ದರು. ಮುಂಜಾನೆ ಚಾಲೂ ಮಾಡಿದೊಡನೆ ಅದು ಹಸಿರು ಇಂಗ್ಲಿಷ್ ಅಕ್ಷರಗಳಲ್ಲಿ ತಾರೀಖು ಕೇಳುತ್ತಿತ್ತು. "ತಡಿಯಪಾ, ಹೇಳ್ತೀನಿ. ಈಗರ ಬಂದೀನಿ," ಎನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದ ನಾನು, ಒಳಗೆ ಯಾರೋ ಬಂದು ಕೂತಿದ್ದಾರೆಂದೇ ಬಹಳ ದಿನ ತಿಳಿದಿದ್ದೆ.

ಎಂಬತ್ತರ ದಶಕದ ಕೊನೆ. ಅಣ್ಣಿಗೇರಿಯ ನಮ್ಮ ಪುಟ್ಟ ಕಣ್ಣಿನ ಆಸ್ಪತ್ರೆಗೆ ಯಾರೋ ಪುಣ್ಯಾತ್ಮರು ಕಂಪ್ಯೂಟರ್ ದಾನ ಕೊಟ್ಟಿದ್ದರು. ಅದನ್ನು ನಡೆಸಲು ಅಳ್ನಾವರದಿಂದ ಬಂದವರು ಯಮುನಕ್ಕ. ನಲವತ್ತರ ಒಂಟಿ ಹೆಂಗಸು. ಬೌದ್ಧರ ಮನೆತನ ಎಂಬುದು ಅವರಿಗಿಂತ ಮೊದಲೇ ಆಫೀಸಿಗೆ ಬಂದು ಮುಟ್ಟಿತ್ತು. ಕೆಟ್ಟ ಮಾತು ಯಾರೂ ಆಡಲಿಲ್ಲ. ಚಹಾಕ್ಕೆ ಮಾತ್ರ ಯಾರೂ ಕರೆಯಲಿಲ್ಲ. ಮಧ್ಯಾಹ್ನ ಆ ಯಂತ್ರದ ಎದುರೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು.

ಒಂದು ವರ್ಷ ಮಾರ್ಚ್ ನಾಲ್ಕರಂದು ತಿರ್ಲಾಪುರದ ಬಸವ್ವ ಎಂಬ ಮುದುಕಿ ಗಂಟು ಹಿಡಿದು ನಮ್ಮ ಬಾಗಿಲಲ್ಲಿ ಕೂತಿದ್ದಳು. ಆಕೆಯ ಆಪರೇಷನ್ ಇದ್ದದ್ದು ಏಪ್ರಿಲ್ ಮೂರಕ್ಕೆ. ಆದರೆ ಕಂಪ್ಯೂಟರ್ ಅಮೆರಿಕದವರ ರೂಢಿಯಂತೆ ಚೀಟಿಯ ಮೇಲೆ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಅಚ್ಚು ಹಾಕಿತ್ತು. ನಾಲ್ಕು, ಮೂರು. ಊರಿನವರು ಅದನ್ನು ನಮ್ಮ ರೂಢಿಯಂತೆ ಓದಿ ಹೇಳಿದ್ದರು. ಮಗ ಆಕೆಯನ್ನು ಆಸ್ಪತ್ರೆಯ ಬಾಗಿಲಿಗೆ ಬಿಟ್ಟು, ಹೆಂಡತಿಯೊಂದಿಗೆ ಗೋವಾಕ್ಕೆ ದುಡಿಯಲು ರೈಲು ಹತ್ತಿದ್ದ.

"ಮನಿಗೆ ಕೀಲಿ ಹಾಕ್ಯಾರವ್ವ. ಎಲ್ಲಿಗೆ ಹೋಗ್ಲಿ?"

ಯಮುನಕ್ಕ ಚೀಟಿ ಇಸಿದುಕೊಂಡು ತಾರೀಖು ನೋಡಿದರು. "ನನ್ನ ಖೋಲ್ಯಾಗ ಇರ್ರಿ," ಎಂದರು. ಆಮೇಲೆ ದನಿ ತಗ್ಗಿಸಿ, "ನಾವು ಬೌದ್ಧರ್ರಿ. ನಿಮಗ ನಡಿತೈತೇನು?"

"ನಡೀಲಿಲ್ಲಂದ್ರ ಬೀದ್ಯಾಗ ಕುಂದರ್ಲೇನು? ಹಸಿವ್ಯಾಗೇತಿ, ರೊಟ್ಟಿ ಬಡಿ ನಡಿ."

ಗಂಟು ಹಿಡಿದು ನಾನೂ ಜೊತೆಗೆ ಹೋದೆ. ನಾನು ಅವರ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು.

ಅಂದು ಮಧ್ಯಾಹ್ನವೇ ಕಂಪ್ಯೂಟರಿನ ಜೊತೆ ಬಂದಿದ್ದ ಪುಸ್ತಕ ತೆರೆದಿಟ್ಟುಕೊಂಡು ಅವರು ತಾರೀಖಿನ ಪದ್ಧತಿ ಬದಲಾಯಿಸಿದರು. "ಅಮೇರಿಕಾ ತೆಗದು ಬ್ರಿಟಿಷ್ ಹಾಕೀನ್ರಿ, ದಿನ ಮೊದಲ ಬರ್ತೈತಿ. ಜರ್ಮನಿ ಐತಿ, ಇಟಲಿ ಐತಿ. ನಮ್ಮ ದೇಶದ ಹೆಸರಷ್ಟ ಇದ್ರಾಗ ಇಲ್ಲ." ಯಂತ್ರಕ್ಕೆ ಕನ್ನಡ ಬಾರದು, ಹಾಗಾಗಿ ಪ್ರತಿ ಚೀಟಿಯ ಮೇಲೂ ತಿಂಗಳ ಹೆಸರನ್ನು ಕನ್ನಡದಲ್ಲಿ ಕೈಯಾರೆ ಬರೆಯತೊಡಗಿದರು. ಹಳೆಯ ಚೀಟಿ ಒಯ್ದವರಿಗೆಲ್ಲ ಸರಿಯಾದ ತಾರೀಖು ಬರೆದು ಅಂಚೆ ಕಾರ್ಡು ಹಾಕಿದರು.

ಆ ಒಂದು ತಿಂಗಳು ಸಂಜೆಯಾದರೆ ಅವರ ಕಾಲು ಆಫೀಸಿನಲ್ಲಿ ನಿಲ್ಲುತ್ತಿರಲಿಲ್ಲ. "ಮುದುಕಿ ಹಾದಿ ನೋಡ್ತಿರ್ತಾಳ್ರಿ!" ಮರುದಿನ ಬಂದು ಹೇಳುವರು: "ಪಲ್ಯಾಕ ಉಪ್ಪು ಕಮ್ಮಿ ಅಂತ ಅಗದಿ ಬೈದಳ್ರಿ ನಿನ್ನಿ." ಬೈಸಿಕೊಂಡದ್ದನ್ನು ಅಷ್ಟು ಸಂತೋಷದಿಂದ ಹೇಳುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಪರೇಷನ್ ಆಗಿ, ಕಣ್ಣಿನ ಪಟ್ಟಿ ಬಿಚ್ಚಿದಾಗ ಬಸವ್ವ ದಿಟ್ಟಿಸಿ, "ನೀನೇನ ಬೇ ಯಮುನಿ? ಇಷ್ಟ ಎತ್ತರ ಅದೀ!" ಎಂದು ಗಲ್ಲ ಸವರಿದಳು. ಎರಡು ದಿನಕ್ಕೆ ಮಗ ಬಂದು ಕರೆದೊಯ್ದ. ಮರುವಾರ ಒಳಗಿನ ಕೋಣೆಯಿಂದ ಮತ್ತೆ ಮಾತು ಕೇಳಿಸಿತು. ನಾನು ಎದ್ದು ನೋಡಲಿಲ್ಲ.

ಮುಂದೆ ಊರ ಕಡೆ ಕೆಲಸ ಸಿಕ್ಕಿ ಯಮುನಕ್ಕ ಹೊರಟುನಿಂತರು. ಕಳಿಸಲು ಸ್ಟೇಷನ್ನಿಗೆ ಹೋಗಿದ್ದವಳು ನಾನೊಬ್ಬಳೇ. ಕಲ್ಲುಬೆಂಚಿನ ಮೇಲೆ ಕೂತಿದ್ದೆವು.

"ತಾರೀಖು ತಿದ್ದಿದ್ದು ಚಲೋ ಆತ್ರಿ," ಎಂದರು. "ಆಮ್ಯಾಲ ಒಬ್ಬರೂ ತಪ್ಪಿ ಬರಲಿಲ್ಲ."

ರೈಲು ಬರುವ ದಿಕ್ಕಿಗೆ ಸುಮ್ಮನೆ ನೋಡಿದರು.

"ಒಬ್ಬರೂ ಬರಲಿಲ್ರಿ."