ಬೀಳದವಳಿಗೆ ಊದದ ಸೀಟಿ

ಭಾನುವಾರ ಪಂದ್ಯವಿದ್ದರೆ ಶನಿವಾರ ಸಂಜೆಯೇ ಸೀಟಿಯನ್ನು ಬೆಚ್ಚಗಿನ ನೀರಲ್ಲಿ ತೊಳೆದು, ದಾರ ಸವೆದಿದೆಯೇ ನೋಡಿ, ಅಡುಗೆಮನೆಯ ಮೊಳೆಗೆ ತೂಗುಹಾಕುತ್ತೇನೆ. ಸಂಡೂರಿನ ಕಡೆ ಆಟವಾದರೆ ಬಿಳಿ ಕಾಲುಚೀಲ ಒಯ್ಯುವುದಿಲ್ಲ. ಅಲ್ಲಿಯ ಕೆಂಪು ಮಣ್ಣು ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ಹೊಸಪೇಟೆಯ ಶಾಲೆಯೊಂದರಲ್ಲಿ ನಾನು ಪಿ.ಟಿ. ಟೀಚರ್. ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿಯೂ ಹೋಗುತ್ತೇನೆ.

ಊದುವುದು ಸುಲಭ, ಊದದೆ ಕಾಯುವುದು ಕಷ್ಟ. ಫೌಲ್ ಆಗಿದೆ, ಆದರೂ ಚೆಂಡು ಪೆಟ್ಟು ತಿಂದವರ ಕಾಲಲ್ಲೇ ಇದೆ, ಮುಂದೆ ದಾರಿಯೂ ಇದೆ ಎಂದರೆ ಎರಡೂ ಕೈ ಮುಂದೆ ಚಾಚಿ ಆಟ ನಡೆಯಲಿ ಅನ್ನಬೇಕು. ಇದಕ್ಕೆ ಅಡ್ವಾಂಟೇಜ್ ಅನ್ನುತ್ತಾರೆ. ಪೆಟ್ಟು ಎಷ್ಟು, ಎದುರಿಗೆ ಎಷ್ಟು ಜನ, ಗೋಲು ಎಷ್ಟು ದೂರ, ಎಲ್ಲವನ್ನೂ ಒಂದೇ ಉಸಿರಲ್ಲಿ ನೋಡಬೇಕು. ಆಟ ಬಿಟ್ಟಿದ್ದರಿಂದ ಅನುಕೂಲವಾಗಲಿಲ್ಲ ಎಂದರೆ ಎರಡು ಮೂರು ಸೆಕೆಂಡಿನೊಳಗೆ ಊದಿ, ಹಿಂದಿನ ಫೌಲನ್ನೇ ಕೊಡಬಹುದು. ಗೋಲಿನ ಮುಂದೆ, ಪೆನಾಲ್ಟಿ ಗೆರೆಯೊಳಗಾದರೆ ಸುಮ್ಮನೆ ಕಾಯಬಾರದು. ಗೋಲು ಖಚಿತ ಅನಿಸದಿದ್ದರೆ ಪೆನಾಲ್ಟಿ ಕೊಟ್ಟುಬಿಡುವುದೇ ಲೇಸು. ಇದೆಲ್ಲ ನನಗೆ ಆವತ್ತೂ ಗೊತ್ತಿತ್ತು.

ಹೊಸಪೇಟೆಗೆ ವರ್ಗವಾಗುವ ಮುಂಚೆ ನಾನು ಬಂಡ್ರಿಯಲ್ಲಿದ್ದೆ. ಅಲ್ಲಿ ಒಬ್ಬ ಹುಡುಗಿ ಬರಿಗಾಲಲ್ಲಿ ಆಡುತ್ತಿದ್ದಳು. ನನ್ನ ಮಗಳ ಹಳೆಯ ಬೂಟಿನ ತುದಿಗೆ ಹತ್ತಿ ತುಂಬಿ ಅವಳಿಗೆ ಕೊಟ್ಟಿದ್ದೆ. ಉಳಿದವರು ಕಾಲು ತಾಗಿದರೆ ಸಾಕು, ಅಯ್ಯೋ ಎಂದು ಉರುಳುತ್ತಿದ್ದರು. ಇವಳಿಗೆ ನಾನೇ ಹೇಳಿಕೊಟ್ಟಿದ್ದೆ: "ಬೀಳಬ್ಯಾಡ, ನಾಟಕ ಮಾಡಬ್ಯಾಡ. ಕಾಲ್ ಎಳದ್ರೂ ಓಡು. ನೋಡೋರು ನೋಡ್ತಾರ."

ನಾನು ಬಂಡ್ರಿ ಬಿಟ್ಟ ಮರುವರ್ಷ ಸಂಡೂರಿನಲ್ಲಿ ಆಯ್ಕೆ ಪಂದ್ಯ ನಡೆಯಿತು. ರೆಫರಿ ಹೊರಗಿನವರಾಗಿರಲಿ ಎಂದು ನನ್ನನ್ನು ಕರೆದರು. ಗೆದ್ದ ತಂಡದಿಂದಲೇ ಜಿಲ್ಲಾ ತಂಡಕ್ಕೆ ಆರಿಸುವುದೆಂದು ಮೊದಲೇ ಹೇಳಿದ್ದರು. ಬಂಡ್ರಿಯ ತಂಡದಲ್ಲಿ ಆ ಹುಡುಗಿಯೂ ಇದ್ದಳು. ಆಯ್ಕೆಯಾದರೆ ಅವಳಿಗೆ ಕ್ರೀಡಾ ಹಾಸ್ಟೆಲ್ಲಿನ ಸೀಟು, ಮುಂದೆ ಕಾಲೇಜು. ಇಲ್ಲದಿದ್ದರೆ ಓದು ಹತ್ತನೆಯ ತರಗತಿಗೇ ಮುಗಿಯುವುದಿತ್ತು. ಗಣಿಯ ಕೂಲಿ ಬಿಟ್ಟು ಅವಳ ತಾಯಿ ಕಂಪ್ಲಿಯ ಅಕ್ಕಿ ಗಿರಣಿಗೆ ಹೊರಟಿದ್ದಳು, ಮಗಳೂ ಜೊತೆಗೆ.

ಆಟಕ್ಕೆ ಮುಂಚೆ ಎದುರು ತಂಡದ ಮೇಷ್ಟ್ರು ಚಹಾ ಕೊಡುತ್ತಾ ನಕ್ಕರು. "ಮೇಡಮ್ಮೋರ, ನಿಮ್ಮ ಹಳೇ ಶಿಷ್ಯೆ ಅದಾಳಂತಲ್ರಿ ಆ ಕಡೆ. ನಮ್ಮ್ ಹುಡುಗ್ಯಾರ ಮ್ಯಾಲೂ ಸ್ವಲ್ಪ ಕಣ್ಣಿರ್ಲಿ ಮತ್ತ."

"ನನಗ ಎರಡು ಕಣ್ಣ್ ಅದಾವ್ರಿ, ಚಿಂತಿ ಮಾಡಬ್ಯಾಡ್ರಿ," ಎಂದು ನಾನೂ ನಕ್ಕೆ. ಆದರೆ ಆ ಮಾತು ನನ್ನೊಟ್ಟಿಗೇ ಮೈದಾನಕ್ಕೆ ಇಳಿಯಿತು.

ಕೊನೆಯ ನಿಮಿಷಗಳಾದರೂ ಯಾರದೂ ಗೋಲಾಗಿರಲಿಲ್ಲ. ಅವಳು ಚೆಂಡು ಒಯ್ಯುತ್ತಾ ಪೆನಾಲ್ಟಿ ಗೆರೆಯೊಳಗೆ ನುಗ್ಗಿದಳು. ಹಿಂದಿನಿಂದ ಒಬ್ಬಳು ಕಾಲು ಕೊಟ್ಟು ಅವಳ ಹಿಮ್ಮಡಿಯನ್ನು ಎಳೆದಳು. ನನ್ನೆದುರಿಗೇ. ಅವಳು ಮುಗ್ಗರಿಸಿದಳು, ಬೀಳಲಿಲ್ಲ. ಮುಂದೆ ಗೋಲ್‌ಕೀಪರ್ ಒಬ್ಬಳೇ. ನನ್ನ ಕೈಗಳು ತಾವಾಗಿ ಮುಂದೆ ಚಾಚಿಕೊಂಡವು. ಎರಡನೆಯ ಹೆಜ್ಜೆಗೆ ಅವಳ ಪಾದ ಸೊಟ್ಟ ಬಿತ್ತು. ಆ ಕಾಲಲ್ಲೇ ಒದ್ದ ಚೆಂಡು ಕಂಬದ ಹೊರಗೆ ಉರುಳಿತು.

ಆಗಲೂ ಊದಬಹುದಿತ್ತು. ಸೀಟಿ ತುಟಿಯಲ್ಲೇ ಇತ್ತು. ಗೆರೆಯಾಚೆ ಆ ಮೇಷ್ಟ್ರು ನಿಂತಿದ್ದರು. ಊದಲಿಲ್ಲ.

ಮರುನಿಮಿಷವೇ ಎದುರಿನವರು ಗೋಲು ಹೊಡೆದರು.

ಆಟ ಮುಗಿದ ಮೇಲೆ ಅವಳ ತಾಯಿ ನನ್ನ ಬಳಿ ಬಂದಳು. "ಮಿಸ್ಸೋರ, ನಮ್ಮ ಹುಡುಗಿದ ತಪ್ಪೇನ್ರಿ?"

"ತಪ್ಪೇನಿಲ್ಲವ್ವಾ. ಅವಕಾಶ ಸಿಕ್ಕಿತ್ತು, ಗೋಲ್ ಆಗ್ಲಿಲ್ಲ, ಅಷ್ಟ."

ತಾಯಿ ಮಗಳತ್ತ ತಿರುಗಿದಳು. "ಹಂಗಾರ ನೀನ ಕೆಡಿಸಿಕೊಂಡಿ ಬಿಡು."

ಹುಡುಗಿ ತಲೆ ತಗ್ಗಿಸಿ ಬೂಟಿನ ದಾರ ಬಿಚ್ಚುತ್ತಿದ್ದಳು. ನಾನು ಬಾಟಲಿ ಎತ್ತಿ ನೀರು ಕುಡಿದೆ.

ಹೋದ ವರ್ಷ ನೆಂಟರ ಮನೆಗೆಂದು ಕಂಪ್ಲಿಗೆ ಹೋದಾಗ, ಗಿರಣಿಯೊಂದರ ಅಂಗಳದಿಂದ ಯಾರೋ "ಮಿಸ್!" ಎಂದು ಕೂಗಿದರು. ಬಿಸಿಲಿಗೆ ಹರವಿದ ಭತ್ತವನ್ನು ಕಾಲಾಡಿಸಿ ತಿರುವುತ್ತಾ ಆ ಹುಡುಗಿ ನಿಂತಿದ್ದಳು. "ಬರ್ರಿ ಮಿಸ್, ಕುಂದ್ರಿ." ಪಕ್ಕದವಳಿಗೆ ಹೆಮ್ಮೆಯಿಂದ ಹೇಳಿದಳು: "ನನಗ ಬಾಲ್ ಆಡಾಕ ಕಲಿಸಿದೋರು ಇವರ."

"ಭತ್ತ ಒದಿಯೋದ್ರಾಗ ಗೊತ್ತಾಗ್ತೈತಿ ಬಿಡಲೇ," ಎಂದು ಪಕ್ಕದವಳು ನಗಾಡುತ್ತಾ ಚೀಲ ತರಲು ಹೋದಳು.

ಇಬ್ಬರೇ ಉಳಿದಾಗ ಅವಳು ಮೆಲ್ಲಗೆ ಕೇಳಿದಳು. "ಮಿಸ್, ಅವತ್ತ್ ಆಕಿ ಕಾಲ್ ಎಳದಿದ್ದು ನಿಮಗ ಕಾಣ್ಲಿಲ್ಲೇನ್ರಿ?"

"ಕಂಡಿತ್ತು."

"ಬಾಲ್ ಹೊರಗ ಹೋದಮ್ಯಾಲ ಊದಾಕ ಬರ್ತಿರ್ಲಿಲ್ಲೇನ್ರಿ?"

ನಿಯಮದ ಮಾತು ಬಾಯಿಗೆ ಬಂತು. ನುಂಗಿದೆ. "ಬರ್ತಿತ್ತು. ನಿನ್ನ ಕಡೆ ಮಾಡಿದ್ಲು ಅಂತಾರಂತ ಹೆದರಿದೆ."

ಅವಳು ಭತ್ತದಲ್ಲಿ ಒಂದು ಸಾಲು ಕಾಲಾಡಿಸಿ ಬಂದಳು. ಆಮೇಲೆ, "ಅದನ್ನ ಅವ್ವಗ ಹೇಳಿಬಿಡ್ರಿ ಮಿಸ್. ಆಕಿ ಇನ್ನೂ ನನ್ನ ಬೈತಾಳ," ಎಂದಳು.

ತಾಯಿ ಅಂಗಳದ ಆ ತುದಿಯಲ್ಲಿ ಮೊರ ಹಿಡಿದು ಕೂತಿದ್ದಳು. ಚಪ್ಪಲಿ ಬಿಟ್ಟು, ಭತ್ತದ ಅಂಚಿನಲ್ಲೇ ನಡೆದು ಹೋಗಿ ಎಲ್ಲ ಹೇಳಿದೆ. ಆಕೆ ಕೇಳುತ್ತಲೇ ಇದ್ದಳು, ಕೇರುವುದನ್ನು ನಿಲ್ಲಿಸಲಿಲ್ಲ.

"ಈಗ ಯಾಕ ಹೇಳಾಕ ಬಂದ್ರಿ ಮಿಸ್ಸೋರ?" ಎಂದಳು ಕೊನೆಗೆ.

ಆಕೆ ಮೊರ ಕೆಳಗಿಟ್ಟು ಮಗಳ ಕಡೆ ನೋಡಿದಳು. ಮಗಳು ನಮಗೆ ಬೆನ್ನು ಮಾಡಿ ಭತ್ತದಲ್ಲಿ ಕಾಲಾಡಿಸುತ್ತಾ, ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೊರಳಿದ್ದಳು.