ಕುಷ್ಟಗಿಯಿಂದ ಅಹಮದಾಬಾದಿಗೆ, ಸೋನಾಳ ಜೊತೆ

ಡಿಸೆಂಬರಿನ ಒಂದು ಬುಧವಾರ ಬೆಳಿಗ್ಗೆ ಗಂಗಾವತಿ ಬಸ್ಸು ಹತ್ತಿ ಕುಷ್ಟಗಿ ಬಿಟ್ಟೆ. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಬುತ್ತಿ, ತೊಡೆಯ ಮೇಲೆ ಜಾಲರಿ ಕಿಟಕಿಯ ಒಂದು ಮೆತ್ತನೆಯ ಚೀಲ. ಆ ಚೀಲದೊಳಗೆ ಮೂರು ತಿಂಗಳೂ ತುಂಬದ ಬೆಕ್ಕಿನ ಮರಿ. ನಾನು ಬಸ್ ಕಂಡಕ್ಟರ್. ಕೋಳಿ, ಆಡಿನ ಮರಿ, ಗಿಳಿ, ಹೀಗೆ ಚೀಲದೊಳಗೆ ಸದ್ದು ಮಾಡುವ ಎಲ್ಲದಕ್ಕೂ ಟಿಕೆಟ್ ಹರಿದವನು. ಬಚ್ಚಿಟ್ಟುಕೊಂಡು ಬಂದವರನ್ನು ಬೈದವನು. ನಾನೇ ಒಂದು ಪ್ರಾಣಿಯನ್ನು ಹೊತ್ತು ಹೊರಟಿದ್ದು ಅದೇ ಮೊದಲು. ವಿಮಾನ ಹತ್ತಲು ಹೊರಟಿದ್ದೂ ಅದೇ ಮೊದಲು.

ಮರಿ ನನ್ನ ತಂಗಿ ರೇಣುಕಾಳದು. ಅವಳು ಅಹಮದಾಬಾದಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಕಳೆದ ತಿಂಗಳು ರಜೆಗೆ ಬಂದವಳು ನವಲಿಯಲ್ಲಿರುವ ನಮ್ಮ ಸೋದರಮಾವನ ಹೊಲಕ್ಕೆ ಭತ್ತದ ಕಟಾವು ನೋಡಲು ಹೋಗಿದ್ದಳು. ಕಟಾವಿನ ಮಷಿನ್ನು ಗದ್ದೆಯ ಕೊನೆಯ ಪಟ್ಟಿಗೆ ಬಂದಾಗ ಪೈರಿನೊಳಗಿಂದ ಒಂದು ಬೆಕ್ಕು ಚಂಗನೆ ಹಾರಿ ಓಡಿತಂತೆ. ತಾಯಿ ಓಡಿದರೆ ಮರಿ ಒಳಗಿರಬೇಕು ಎಂದು ಇವಳು ಆ ದೈತ್ಯ ಮಷಿನ್ನಿನ ಎದುರು ಕೈ ಅಗಲಿಸಿ ನಿಂತುಬಿಟ್ಟಳು. ಆಪರೇಟರ್ ಬೈದ, ಮಾಮ ಬೈದರು, ಅವಳು ಜಗ್ಗಲಿಲ್ಲ. ಹುಡುಕಿದಾಗ ಅಂಗೈಯಗಲದ ಒಂದು ಮರಿ ಸಿಕ್ಕಿತು. ಸಂಜೆಯವರೆಗೆ ಕಾದರೂ ತಾಯಿ ಬರಲಿಲ್ಲ. ಸೋನಾ ಮಸೂರಿ ಭತ್ತದ ಗದ್ದೆಯಲ್ಲಿ ಸಿಕ್ಕಿದ್ದರಿಂದ ಅವ್ವ ಅದಕ್ಕೆ ಸೋನಾ ಎಂದು ಹೆಸರಿಟ್ಟಳು.

ರೇಣುಕಾ ಹನಿ ಹನಿಯಾಗಿ ಹಾಲು ಕುಡಿಸಿ ಅದನ್ನು ಬದುಕಿಸಿದಳು. ಆದರೆ ರಜೆ ಮುಗಿದಾಗ, ಇಷ್ಟು ಸಣ್ಣ ಮರಿಯನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ವಿಮಾನದ ಕಂಪನಿಯವರು ಹೇಳಿದ್ದರಿಂದ ನಮ್ಮಲ್ಲಿ ಬಿಟ್ಟು ಹೋದಳು. ಒಂದು ವಾರ ಎಲ್ಲ ಸರಿಯಿತ್ತು. ಆಮೇಲೆ ಒಂದು ದಿನ ಸೋನಾ ತಟ್ಟೆಯಿಂದ ಮುಖ ತಿರುಗಿಸಿತು. ಮರುದಿನವೂ ಅಷ್ಟೇ. ಲಿಂಗ ಕಟ್ಟಿದ ನಮ್ಮವ್ವ, ಮೊಟ್ಟೆಯನ್ನು ಹೊಸ್ತಿಲೊಳಗೆ ಬಿಡದವಳು, ಸಂತೆಯಿಂದ ಒಣ ಮೀನು ತಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ಅದರ ಮುಂದಿಟ್ಟಳು. ಅದಕ್ಕೂ ಅದು ಒಲಿಯಲಿಲ್ಲ. ಸೂಜಿಯಿಲ್ಲದ ಸಿರಿಂಜಿನಲ್ಲಿ ಗಂಜಿ ಹಾಕಿದರೆ ಅರ್ಧ ನುಂಗಿ ಅರ್ಧ ಉಗುಳುತ್ತಿತ್ತು.

"ಅಣ್ಣ, ಹೆಂಗಾರ ಮಾಡಿ ಇಲ್ಲಿಗೆ ತಂದುಬಿಡು, ನನಗ ಈಗ ರಜಾ ಸಿಗಂಗಿಲ್ಲ," ಎಂದು ರೇಣುಕಾ ಫೋನಿನಲ್ಲಿ ಅತ್ತಳು. ರೈಲಾದರೆ ಹೆಚ್ಚುಕಮ್ಮಿ ಎರಡು ದಿನ. ಅಷ್ಟು ತಡೆಯುವ ಶಕ್ತಿ ಮರಿಗಿರಲಿಲ್ಲ. "ವಿಮಾನದಾಗs ಒಯ್ಯಿ ಬಸು," ಎಂದಳು ಅವ್ವ. "ಅದು ನನ್ನ ಕೈಯಾಗ ಸತ್ತ್ರ ನಾ ಅಕಿಗೆ ಏನಂತ ಮಾರಿ ತೋರಿಸ್ಲಿ?"

ಟಿಕೆಟ್ ತೆಗೆದಾಗ ನನಗೊಂದು ಪಾಠವಾಯಿತು. ಹೈದರಾಬಾದಿನಿಂದ ಅಹಮದಾಬಾದಿಗೆ ನನಗೆ ನಾಲ್ಕು ಸಾವಿರದ ಚಿಲ್ಲರೆ, ನನ್ನ ಕಾಲ ಬಳಿ ಚೀಲದಲ್ಲಿ ಮಲಗುವ ಸೋನಾಳಿಗೆ ಐದು ಸಾವಿರ. ನಮ್ಮ ಪ್ರಯಾಣಿಕರು ಕೋಳಿಯ ಟಿಕೆಟ್ಟಿಗೆ ನನ್ನೊಡನೆ ಜಗಳಕ್ಕೆ ನಿಲ್ಲುತ್ತಾರಲ್ಲ, ಅವರಿಗೆ ಈ ಸಂಗತಿ ಹೇಳಬೇಕು.

ಕುಷ್ಟಗಿಯಿಂದ ತಾವರಗೇರಾ, ಕನಕಗಿರಿ ಮೇಲೆ ಗಂಗಾವತಿಗೆ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಹನ್ನೊಂದರ ಹೊತ್ತಿಗೆ ಪಶು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆ. ಡಾಕ್ಟರು ಸೋನಾಳ ಬಾಯಿ, ಕಣ್ಣು, ಹೊಟ್ಟೆ ನೋಡಿ, ಥರ್ಮಾಮೀಟರ್ ಹಚ್ಚಿ ನೋಡಿದರು.

"ರೋಗ ಏನೂ ಇಲ್ರಿ," ಎಂದರು. "ಮನಸಿಗೆ ಹಚ್ಚಿಕೊಂಡೈತಿ. ಪ್ರಯಾಣಕ್ಕ ಅಡ್ಡಿ ಇಲ್ಲ ಅಂತ ಬರದುಕೊಡ್ತೀನಿ. ಆದ್ರ ಇನ್ನ ಒಂದೆರಡು ದಿನದಾಗ ತಾನಾಗಿ ತಿನ್ನಬೇಕು ನೋಡ್ರಿ. ಇಲ್ಲಾಂದ್ರ ಕೈ ಮೀರತೈತಿ. ವಿಮಾನ ಹತ್ತೂಕಿಂತ ಮೊದಲು ಮಾತ್ರ ಹೊಟ್ಟಿಗೆ ಹಾಕಬ್ಯಾಡ್ರಿ, ಕಕ್ಕೊಂತೈತಿ."

ತಿನ್ನಲೇಬೇಕು, ಆದರೆ ತಿನ್ನಿಸಬಾರದು. ಈ ಮಾತನ್ನು ತಲೆಯಲ್ಲಿ ಮಗುಚುತ್ತ ಹೊರಗೆ ಬಂದರೆ ಗೇಟಿನಲ್ಲಿ ನವಲಿಯ ಮಾಮ ನಿಂತಿದ್ದರು. ಅಕ್ಕಿ ಗಿರಣಿಗೆ ಭತ್ತದ ಲೋಡು ತಂದವರು ಹಾಗೇ ನನ್ನನ್ನು ಕಾಣಲು ಬಂದಿದ್ದರು. ಪೇಪರಿನಲ್ಲಿ ಸುತ್ತಿದ ಒಂದು ಗಂಟನ್ನು ಕೈಗೆ ತುರುಕಿದರು. "ರೇಣವ್ವನ ಸ್ವೆಟರ್ ಅಳಿಯಾ. ಹೊಲದ ಮನ್ಯಾಗ ಬಿಟ್ಟು ಹೋಗಿದ್ಲು. ಹೆಂಗೂ ಹೊಂಟೀಯಲ್ಲ, ಕೊಟ್ಟುಬಿಡು." ಭತ್ತದ ತೆನೆಯ ಸುಂಕಿನ ಧೂಳು ಮೆತ್ತಿದ ಆ ಹಳೆಯ ಸ್ವೆಟರನ್ನು ನನ್ನ ಬಟ್ಟೆಯ ಚೀಲದ ತಳಕ್ಕೆ ಹಾಕಿ ಮರೆತುಬಿಟ್ಟೆ. ಮಾಮ ಕೊಡಿಸಿದ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಆ ರಾತ್ರಿ ಗೆಳೆಯನೊಬ್ಬನ ಮನೆಯಲ್ಲಿ ಉಳಿದೆ.

ಗುರುವಾರ ಬೆಳಗಿನ ಜಾವದ ಹೈದರಾಬಾದ್ ಬಸ್ಸಿನ ಕಂಡಕ್ಟರ್ ಮಹಬೂಬ್, ನನಗೆ ಹಳೆಯ ಪರಿಚಯ. ಜಾಲರಿಯೊಳಗೆ ಇಣುಕಿ ನೋಡಿ ಅವನ ಮುಖ ಅರಳಿತು.

"ಬಸಣ್ಣ, ನೀವಾದ್ರ ಪಾಸ್‌ನ್ಯಾಗ ಬರ್ತೀರಿ. ಬೆಕ್ಕಿಗೆ ಪಾಸ್ ಐತೇನ್ರಿ?"

"ಇಲ್ಲಪ, ಹರಿ ತಿಕೀಟ," ಎಂದೆ. ಇಡೀ ಬಸ್ಸು ನಕ್ಕಿತು.

ಡ್ರೈವರ್ ಮಾತ್ರ ಕನ್ನಡಿಯಲ್ಲಿ ನೋಡಿ ಗೊಣಗಿದ. "ಬೆಕ್ಕು ಅಡ್ಡ ಬಂದ್ರ ಗಾಡಿ ನಿಂದ್ರಸ್ತೀವಿ. ಒಳಗs ಬಂದು ಕುಂತ್ರ ಏನ್ ಮಾಡಬೇಕೋ ಮಾರಾಯ?" ಹಾಗೆಂದವನೇ, ನಾನು ತಣ್ಣಗಿನ ಗಾಳಿಗೆ ಚೀಲವನ್ನು ಟವೆಲಿನಿಂದ ಮುಚ್ಚುವುದನ್ನು ಕಂಡು, ತನ್ನ ಪಕ್ಕದ ಕಿಟಕಿ ಎಳೆದುಕೊಂಡ. ಮಹಬೂಬನಂತೂ ಪ್ರತಿ ನಿಲ್ದಾಣದಲ್ಲಿ ಹತ್ತಿದವರಿಗೆಲ್ಲ ಕೂಗಿ ಹೇಳುತ್ತಿದ್ದ: "ಕಿಡಕಿ ಹಾಕ್ರಿ, ಒಳಗ ಪೇಷಂಟ್ ಐತಿ!"

ಸಿಂಧನೂರಿನವರೆಗೆ ರಸ್ತೆಯ ಎರಡೂ ಕಡೆ ಕೊಯ್ದ ಗದ್ದೆ, ಅಲ್ಲಲ್ಲಿ ಎರಡನೆಯ ಬೆಳೆಗೆ ಹಾಕಿದ ಹಸಿರು ಸಸಿ ಮಡಿ. ರಾಯಚೂರಿನಲ್ಲಿ ಚಹಾ. ಕೃಷ್ಣಾ ಸೇತುವೆ ದಾಟಿದಾಗ ಬಿಸಿಲು ಏರಿತ್ತು. ಮಹಬೂಬನಗರದಲ್ಲಿ ಅವ್ವನ ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಸೋನಾಳಿಗೆ ನೀರು ಹನಿಸಿದೆ. ನುಂಗಲಿಲ್ಲ. ಅಲ್ಲಿಯವರೆಗೆ ಆಗೊಮ್ಮೆ ಈಗೊಮ್ಮೆಯಾದರೂ ಕಣ್ಣು ಬಿಡುತ್ತಿದ್ದ ಮರಿ ಈಗ ಗದ್ದ ಊರಿ ಸುಮ್ಮನೆ ಬಿದ್ದುಕೊಂಡಿತ್ತು. ನನಗೆ ಹೆದರಿಕೆ ಶುರುವಾಯಿತು. ಅದುವರೆಗೂ, ನಿಜ ಹೇಳುತ್ತೇನೆ, ನಾನು ತಂಗಿಯ ಸಾಮಾನು ಮುಟ್ಟಿಸಲು ಹೊರಟವನಂತಿದ್ದೆ. ಅಲ್ಲಿಂದಾಚೆ ಎರಡೆರಡು ನಿಮಿಷಕ್ಕೆ ಜಾಲರಿಯೊಳಗೆ ಬೆರಳಿಟ್ಟು ಉಸಿರು ನೋಡತೊಡಗಿದೆ.

ಶಂಶಾಬಾದಿನಲ್ಲಿ ಇಳಿದಾಗ ಎರಡು ಗಂಟೆ. ಟ್ಯಾಕ್ಸಿ ಹಿಡಿದು ವಿಮಾನ ನಿಲ್ದಾಣ ಸೇರಿದೆ. ನಮ್ಮ ಕುಷ್ಟಗಿಯ ಬಸ್ ಸ್ಟ್ಯಾಂಡ್ ಹತ್ತಾರು ಹಿಡಿಸುವಷ್ಟು ದೊಡ್ಡದು, ಆದರೆ ಒಬ್ಬನೂ ಊರಿನ ಹೆಸರು ಕೂಗುವುದಿಲ್ಲ. ಕೌಂಟರಿನ ಹುಡುಗಿ ತೆಲುಗಿನವಳು. ಗಂಗಾವತಿಯ ಕಡೆ ಆಂಧ್ರದವರು ಬಂದು ನೆಲೆಸಿದ ಕ್ಯಾಂಪುಗಳ ರೂಟಿನಲ್ಲಿ ದುಡಿದ ನನಗೆ ತೆಲುಗು ನೀರು ಕುಡಿದಷ್ಟು ಸುಲಭ. ಅವಳು ಚೀಲ ತೂಗಿದಳು, ಡಾಕ್ಟರ ಸರ್ಟಿಫಿಕೇಟ್ ನೋಡಿದಳು, ಆಮೇಲೆ ಜಿಪ್ ಸರಿಸಿ ಮರಿಯನ್ನು ನೋಡಿದಳು. ಒಳಗಿನಿಂದ ಹಿರಿಯ ಅಧಿಕಾರಿಯೊಬ್ಬರನ್ನು ಕರೆದುಕೊಂಡು ಬಂದಳು.

"ಕಾಗದ ಸರಿಯಾಗಿದೆ," ಎಂದರು ಅವರು. "ಆದರೆ ಮರಿ ತಲೆಯನ್ನೇ ಎತ್ತುತ್ತಿಲ್ಲ. ಇಂಥದ್ದನ್ನು ಮೇಲೆ ಕರೆದೊಯ್ದು ಏನಾದರೂ ಆದರೆ? ಒಂದು ಗಂಟೆ ಕೂತಿರಿ. ಚೇತರಿಸಿಕೊಂಡರೆ ಹತ್ತಿಸುತ್ತೇವೆ. ಇಲ್ಲದಿದ್ದರೆ ಕ್ಷಮಿಸಿ."

ಅವರದೇನೂ ತಪ್ಪಿರಲಿಲ್ಲ. ನನ್ನ ಬಸ್ಸಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಬೆಂಚಿಗೆ ಬಂದು ಕುಳಿತು ಲೆಕ್ಕ ಹಾಕಿದೆ. ವಾಪಸು ಹೋದರೆ ಮತ್ತೆ ಒಂದು ದಿನದ ದಾರಿ, ಮರಿ ಜೀವಂತವಾಗಿ ಊರು ಮುಟ್ಟುವುದಿಲ್ಲ. ರೇಣುಕಾಳಿಗೆ ಫೋನು ಮಾಡಲು ಧೈರ್ಯ ಬರಲಿಲ್ಲ.

ಎಸಿಯ ತಂಪಿಗೆ ಮರಿ ಸಣ್ಣಗೆ ನಡುಗುತ್ತಿತ್ತು. ಟವೆಲು ಸಾಲದೆಂದು ನನ್ನ ಚೀಲ ತಡಕಾಡಿದೆ. ಬೆಚ್ಚಗಿನದು ಸಿಕ್ಕಿದ್ದು ಆ ಸ್ವೆಟರ್ ಒಂದೇ. ಅದರಲ್ಲಿ ಸೋನಾಳನ್ನು ಸುತ್ತಿ ಎದೆಗೊತ್ತಿ ಹಿಡಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೂಗು ಅಲುಗಿತು. ಮರಿ ತಲೆಯೆತ್ತಿತು. ಸ್ವೆಟರಿನ ಕಿಸೆಯೊಳಗೆ ಮುಖ ತೂರಿಸಿ, ಹೊರಗೆ ತೆಗೆದು, ಮತ್ತೆ ತೂರಿಸಿತು. ಮುಂಗಾಲುಗಳಿಂದ ರೊಟ್ಟಿ ಹಿಟ್ಟು ನಾದುವ ಹಾಗೆ ಉಣ್ಣೆಯನ್ನು ನಾದತೊಡಗಿತು. ನಂತರ ಬಾಯಿ ತೆರೆದು ಮ್ಯಾಂವ್ ಎಂದು ಎಂಥ ಕೂಗು ಹಾಕಿತೆಂದರೆ, ಎದುರಿನ ಸಾಲಿನವರೆಲ್ಲ ಮೊಬೈಲಿನಿಂದ ತಲೆ ಎತ್ತಿದರು. ಕೌಂಟರಿನ ಹುಡುಗಿ ಅಲ್ಲಿಂದಲೇ ಎದ್ದು ನಿಂತು ನಕ್ಕಳು. ನಾಲ್ಕು ಜನರೆದುರು ಕಣ್ಣೊರೆಸಿಕೊಳ್ಳಲು ನನಗೆ ನಾಚಿಕೆಯಾಗಲಿಲ್ಲ.

ಬೋರ್ಡಿಂಗ್ ಪಾಸು ಕೈಗೆ ಬಂದ ಮೇಲೆ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಸ್ವೆಟರ್ ಮೂಸಿ ತಲೆಯೆತ್ತಿದ್ದನ್ನೂ ಹೇಳಿದೆ.

"ಯವ್ವಾ, ಕೇಳಾಕತ್ತೀಯಾ?"

"ಬಸು, ಕೌದಿ ನಾ ಒಗದೆ," ಎಂದಳು ಅವ್ವ. "ರೇಣಿ ಹೊದ್ಕೊಂತಿದ್ದ ಕೌದಿ ಮ್ಯಾಲೆ ಅದು ಮಲಗ್ತಿತ್ತಲ್ಲ. ಎಳ್ಳ ಅಮಾಸಿ ಬಂತು ಅಂತ ಮನ್ಯಾಗಿನ ಹಾಸಿಗಿ ಎಲ್ಲಾ ಹಳ್ಳಕ್ಕ ಒಯ್ದು ಒಗದೆ. ಅದನ್ನೂ ಒಗದೆ. ಅದರ ಮರುದಿನಾನs ಅದು ತಿನ್ನೂದು ಬಿಟ್ಟಿದ್ದು. ಅಕಿ ವಾಸನಿ ಅಷ್ಟs ಉಳದಿತ್ತು ಅದಕ್ಕ. ಅದನ್ನೂ ತೊಳದುಬಿಟ್ಟೆನಲ್ಲೋ ಯಪ್ಪಾ!"

ಹಬ್ಬದ ಮೊದಲು ಹಾಸಿಗೆ ಒಗೆಯದ ಮನೆ ನಮ್ಮ ಓಣಿಯಲ್ಲಿ ಒಂದೂ ಇಲ್ಲ. ಯಾರ ತಲೆಗೂ ಅದು ಹೊಳೆದಿರಲಿಲ್ಲ. ಸಮಾಧಾನ ಹೇಳಲು ಹೋದೆ. "ಅದು ಅಲ್ಲಿ ಉಂಡದ್ದು ಗೊತ್ತಾದ ಮ್ಯಾಲೆ ಫೋನ್ ಹಚ್ಚು," ಎಂದು ಕತ್ತರಿಸಿಬಿಟ್ಟಳು.

ತಪಾಸಣೆಯಲ್ಲಿ ಮರಿಯನ್ನು ಹೊರಗೆ ತೆಗೆಸಿದರು. ಖಾಲಿ ಚೀಲ ಮಷಿನ್ನಿನೊಳಗೆ ಹೋಯಿತು, ನಾನು ಸ್ವೆಟರು ಸುತ್ತಿದ ಸೋನಾಳನ್ನು ಎತ್ತಿಕೊಂಡು ಬಾಗಿಲು ದಾಟಿದೆ. ವಿಮಾನದಲ್ಲಿ ಕಿಟಕಿಯ ಸೀಟು. ಬಸ್ಸಿನ ರೂಢಿ ಬಿಡಲಿಲ್ಲ ನೋಡಿ, ಶೌಚಕ್ಕೆ ಹೋಗುವಾಗ ಸೀಟಿನ ಮೇಲೆ ಟವೆಲು ಹಾಸಿ ಹೋದೆ. ಬರುವಷ್ಟರಲ್ಲಿ ಗಗನಸಖಿ ಅದನ್ನು ಚೆಂದಗೆ ಮಡಚಿ ಇಟ್ಟಿದ್ದಳು. ಮೇಲೇರುವಾಗ ನನ್ನ ಕಿವಿ ಗುಂಯ್ ಎಂದವು. ಮುಂದಿನ ಸೀಟಿನ ಕೆಳಗಿದ್ದ ಸೋನಾ ಎರಡು ಸಲ ಅತ್ತು, ಉಚ್ಚೆ ಹೊಯ್ದು, ನಿದ್ದೆ ಹೋಯಿತು. ಪಕ್ಕದಲ್ಲಿದ್ದ ಸೂಟಿನ ಮಹಾಶಯರು ಮೂಗರಳಿಸಿ ನನ್ನನ್ನೇ ನೋಡಿದರು. ನಾನು ಮೋಡ ನೋಡಿದೆ.

ಅಹಮದಾಬಾದಿನಲ್ಲಿ ಇಳಿದಾಗ ಏಳೂವರೆ. ಬಾಗಿಲಲ್ಲೇ ರೇಣುಕಾ ನಿಂತಿದ್ದಳು. ಅಣ್ಣನನ್ನು ಮಾತಾಡಿಸುವ ಮೊದಲು ಚೀಲ ಕಿತ್ತುಕೊಂಡಳು. ನಾನು ಮರುದಿನವೇ ರೈಲು ಹತ್ತಿ ಮರಳಿದೆ, ಅದರಲ್ಲಿ ಹೇಳುವಂಥದ್ದೇನಿಲ್ಲ. ಈ ಪ್ರಯಾಣ ಮುಗಿದದ್ದು ಇಳಿದ ರಾತ್ರಿಯೇ, ಅವಳ ಬಾಡಿಗೆ ಕೋಣೆಯಲ್ಲಿ.

ಚೀಲ ತೆರೆದ ಕೂಡಲೇ ಸೋನಾ ಓಡಿ ಬಂದು ಅವಳ ಮಡಿಲು ಸೇರುತ್ತದೆ ಎಂದುಕೊಂಡಿದ್ದೆವು. ಅದು ಹೊರಗೆ ಬಂದು, ನಮ್ಮಿಬ್ಬರನ್ನೂ ಕಣ್ಣೆತ್ತಿಯೂ ನೋಡದೆ, ಮಂಚದ ಕೆಳಗೆ ನುಸುಳಿತು. ರೇಣುಕಾಳ ಮುಖ ಬಾಡಿತು. ಬಟ್ಟಲಿಗೆ ಪ್ಯಾಕೆಟ್ಟಿನ ಬೆಕ್ಕಿನ ಕಾಳು ಸುರಿದು, ಬರಿ ನೆಲದ ಮೇಲೆ ಅಡ್ಡಾಗಿ, ಕೈಯನ್ನು ಮಂಚದ ಕೆಳಗೆ ಚಾಚಿ ಮಲಗಿಬಿಟ್ಟಳು. ನಾನು ಗೋಡೆಗೊರಗಿ ಕುಳಿತೆ. ಎಷ್ಟು ಹೊತ್ತಾಯಿತೋ, "ಅಣ್ಣ," ಎಂದು ಪಿಸುಗುಟ್ಟಿದಳು, "ಕೈ ನೆಕ್ಕಾಕತ್ತೈತಿ."

ಮೊದಲು ಮೂಗು ಬಂತು, ಆಮೇಲೆ ಕಿವಿ, ಆಮೇಲೆ ಪೂರ್ತಿ ಸೋನಾ. ಅವಳ ಮಣಿಕಟ್ಟಿಗೆ ಕೆನ್ನೆ ಉಜ್ಜಿತು. ಬಟ್ಟಲನ್ನು ಮೂಸಿತು. ಒಂದು ಕಾಳು ಕಚ್ಚಿತು. ಮತ್ತೊಂದು ಕಚ್ಚಿತು. ನಾನು ಅವ್ವನಿಗೆ ಫೋನು ಹಚ್ಚಿದೆ.

"ತಿನ್ನಾಕತ್ತೈತಿ ಯವ್ವಾ."

"ಸುಳ್ಳ ಹೇಳಬ್ಯಾಡ. ಫೋನ್ ಅದರ ಹತ್ರ ಹಿಡಿ."

ಬಟ್ಟಲಿನ ಪಕ್ಕ ಫೋನು ಇಟ್ಟೆ. ಕಟುಂ, ಕಟುಂ ಎಂದು ಸೋನಾ ಕಾಳು ಅಗಿಯುತ್ತಿತ್ತು. ಕುಷ್ಟಗಿಯಲ್ಲಿ ಅವ್ವ ಕೇಳುತ್ತಿದ್ದಳು. ಬಟ್ಟಲು ಖಾಲಿಯಾಗಿ ಮರಿ ಬಾಯಿ ನೆಕ್ಕಿಕೊಳ್ಳುವವರೆಗೂ ಆ ಸದ್ದೊಂದೇ.

ಆಮೇಲೆ ಆ ಕಡೆಯಿಂದ ಅವ್ವ ಮೂಗು ಏರಿಸಿದ್ದು ಕೇಳಿಸಿತು.

"ಉಂಡಿತು ಬಿಡು," ಎಂದಳು. "ಇನ್ನ ನಾನೂ ಒಂದು ರೊಟ್ಟಿ ತಿಂತೀನಿ."